ಆರು ಚಿಕ್ಕ ಡಿಸ್ಕ್‌ಗಳೋ, ಎರಡು ದೊಡ್ಡ ಡಿಸ್ಕ್‌ಗಳೋ? ರೇಡ್‌ನಿಂದ ಎರಡು ಡಿಸ್ಕ್ ಒಟ್ಟಿಗೇ ಹೊರಬಿದ್ದಿವೆ

ಪ್ರಶ್ನೆ (ಕಲಬುರಗಿಯಿಂದ)

ಎಲ್ಲರಿಗೂ ಶರಣು. ಕಲಬುರಗಿ ಮತ್ತು ಯಾದಗಿರಿ ಜಿಲ್ಲೆಗಳ ಹಳ್ಳಿಗಳಲ್ಲಿ ನಡೆಯುವ ತತ್ವಪದದ ಭಜನೆಗಳನ್ನೂ ಮೊಹರಂ ಪದಗಳನ್ನೂ ಚಿತ್ರೀಕರಿಸಿ ಜೋಪಾನ ಮಾಡುವುದು ನನ್ನ ಹವ್ಯಾಸ. ಭಜನೆ ರಾತ್ರಿ ಹತ್ತಕ್ಕೆ ಕೂತರೆ ನಸುಕಿನ ನಾಲ್ಕಕ್ಕೆ ಏಳುತ್ತದೆ. 100 ಎಂಬಿಪಿಎಸ್‌ನ 4ಕೆ ವಿಡಿಯೊ ಗಂಟೆಗೆ 45 ಜಿಬಿ ಜಾಗ ಹಿಡಿಯುವುದರಿಂದ, ಎರಡು ಕ್ಯಾಮೆರಾಗಳ ಲೆಕ್ಕದಲ್ಲಿ ಒಂದು ರಾತ್ರಿಗೆ 540 ಜಿಬಿ ಆಗುತ್ತದೆ. ಧ್ವನಿ ಗಂಟೆಗೆ ಎರಡು ಜಿಬಿ ಮಾತ್ರವಾದ್ದರಿಂದ ಅದರ ಚಿಂತೆ ಇಲ್ಲ. ಈವರೆಗೆ 13 ಟಿಬಿ ಸೇರಿದೆ. ವರ್ಷಕ್ಕೆ ಸುಮಾರು 2 ಟಿಬಿ ಬೆಳೆಯುತ್ತಿದೆ.

ಇವೆಲ್ಲ ಇರುವುದು ಹಳೆಯ ಡೆಸ್ಕ್‌ಟಾಪ್ ಕ್ಯಾಬಿನೆಟ್ ಒಂದರಲ್ಲಿ, ತಲಾ 4 ಟಿಬಿಯ ಆರು ಹಾರ್ಡ್ ಡಿಸ್ಕ್‌ಗಳ ಮೇಲೆ. ಡೆಬಿಯನ್ ಲಿನಕ್ಸ್, ಸಾಫ್ಟ್‌ವೇರ್ ರೇಡ್ 5 (ಆರೂ ಡಿಸ್ಕ್‌ಗಳು ಕೂಡಿ ಒಂದೇ ದೊಡ್ಡ ಡಿಸ್ಕ್‌ನಂತೆ ನಡೆಯುವ, ಒಂದು ಸತ್ತರೂ ಕಡತಗಳು ಉಳಿಯುವ ಏರ್ಪಾಡು). ಡಿಸ್ಕ್‌ಗಳನ್ನು ಕೈಯಲ್ಲಿ ಹಣ ಬಂದಂತೆ ಒಂದೆರಡಾಗಿ ಕೊಂಡದ್ದು. ಈ ಮೇ ತಿಂಗಳಲ್ಲಿ ಎರಡು ಸಲ ಒಂದೇ ಬಗೆಯ ತೊಂದರೆ ಆಯಿತು: ಕರೆಂಟ್ ಹೋಗಿ ಇನ್ವರ್ಟರ್‌ಗೆ ಬದಲಾದ ಕೂಡಲೇ ಎರಡು ಡಿಸ್ಕ್‌ಗಳು ಒಟ್ಟಿಗೇ ರೇಡ್‌ನಿಂದ ಹೊರಬಿದ್ದವು. ಮೊದಲ ಸಲ ಹೇಗೋ ಕೂಡಿಸಿದೆ. ಎರಡನೆಯ ಸಲ ಕೈ ಹಚ್ಚಲು ಧೈರ್ಯವಾಗದೆ ಯಂತ್ರವನ್ನು ಆರಿಸಿಟ್ಟಿದ್ದೇನೆ. ಪರಿಚಯದ ಅಂಗಡಿಯವರು, "ಡಿಸ್ಕ್‌ಗಳು ಮುದಿಯಾಗಿವೆ, ಎಲ್ಲವನ್ನೂ ಬದಲಿಸಿರಿ" ಎಂದರು.

ಹಾಗೆ ಬದಲಿಸುವುದಾದರೆ ಮತ್ತೆ 4 ಟಿಬಿಯ ಆರು ಕೊಳ್ಳಲೇ, ಅಥವಾ 18 ಟಿಬಿಯ ಎರಡು ಕೊಳ್ಳಲೇ? ಇರುವುದೆಲ್ಲವನ್ನೂ ಎರಡೇ ಡಿಸ್ಕ್‌ಗಳಿಗೆ ಒಪ್ಪಿಸಿ ನಿದ್ದೆ ಮಾಡುವುದು ಹೇಗೆಂಬುದು ನನ್ನ ಅಂಜಿಕೆ. ಬ್ಯಾಕಪ್ ಇರುವುದು ಅರ್ಧದಷ್ಟಕ್ಕೆ ಮಾತ್ರ. ಹಾಡಿದವರಲ್ಲಿ ಮೂವರು ಈಗಿಲ್ಲ.

ಉತ್ತರ (ಬೀದರ್‌ನಿಂದ)

ಸರ್, ಕೊಳ್ಳುವ ಮಾತು ಆಮೇಲೆ. ಯಂತ್ರವನ್ನು ಆರಿಸಿಟ್ಟದ್ದು ಒಳ್ಳೆಯ ಕೆಲಸ. ಇಂಥ ಹೊತ್ತಿನಲ್ಲಿ ಜಾಲದಲ್ಲಿ ಸಿಗುವ ಸಲಹೆಗಳನ್ನು ನೋಡಿ 'ಕ್ರಿಯೇಟ್' ಆಜ್ಞೆಯಿಂದ ರೇಡ್ ಅನ್ನು ಹೊಸದಾಗಿ ಕಟ್ಟಲು ಹೋಗಿ ಇದ್ದದ್ದನ್ನೂ ಕಳೆದುಕೊಂಡವರು ನನ್ನ ರಿಪೇರಿ ಮೇಜಿನ ಮುಂದೆ ಬಂದು ಕೂತಿದ್ದಾರೆ. ಡಿಸ್ಕ್‌ಗಳ ಕ್ರಮ ಅಥವಾ ಚಂಕ್ ಗಾತ್ರ (ಕಡತಗಳನ್ನು ಡಿಸ್ಕ್‌ಗಳಿಗೆ ಹಂಚುವ ತುಂಡಿನ ಅಳತೆ) ಒಂದಿಷ್ಟು ತಪ್ಪಿದರೂ ಕಡತಗಳು ಕೈಗೆ ಸಿಗುವುದಿಲ್ಲ. ಆ ಆಜ್ಞೆಯನ್ನು ಮರೆತುಬಿಡಿ.

ಎರಡು ಡಿಸ್ಕ್‌ಗಳು ಒಂದೇ ಕ್ಷಣದಲ್ಲಿ, ಅದೂ ಎರಡು ಸಲ, ಮುಪ್ಪಿನಿಂದ ಸಾಯುವುದು ಅಪರೂಪ. ಹೀಗಾದಾಗ ಆ ಎರಡಕ್ಕೂ ಸಾಮಾನ್ಯವಾದದ್ದು ಏನೆಂದು ಹುಡುಕಬೇಕು: ಒಂದೇ ಎಸ್‌ಎಂಪಿಎಸ್ (ಕಂಪ್ಯೂಟರ್‌ಗೆ ವಿದ್ಯುತ್ ಕೊಡುವ ಪೆಟ್ಟಿಗೆ) ತಂತಿಯೋ, ಡಿಸ್ಕ್‌ಗಳನ್ನು ಜೋಡಿಸುವ ಒಂದೇ ಸಾಟಾ ಕಾರ್ಡೋ, ಒಂದೇ ಫ್ಯಾನ್ ನಿಂತ ಮೂಲೆಯೋ. ರೇಡ್ ಅನ್ನು ಚಾಲೂ ಮಾಡದೆ, ಆರೂ ಡಿಸ್ಕ್‌ಗಳ ಸ್ಮಾರ್ಟ್ ವರದಿಯನ್ನು (ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಡುವ ಲೆಕ್ಕ) ಮಾತ್ರ ತೆಗೆದು 5, 12, 192, 194, 197 ಮತ್ತು 199ನೇ ಸಾಲುಗಳ ಕಚ್ಚಾ ಸಂಖ್ಯೆಯನ್ನು ಇಲ್ಲಿ ಬರೆಯಿರಿ. 5 ಮತ್ತು 197 ತಟ್ಟೆಯ ಮೇಲಿನ ಕೆಟ್ಟ ಜಾಗಗಳನ್ನು ಹೇಳುತ್ತವೆ. 194 ಡಿಸ್ಕ್‌ನ ತಾಪವನ್ನು. 199 ಡೇಟಾ ಕೇಬಲ್‌ನ ದೋಷವನ್ನು. 12 ಡಿಸ್ಕ್ ಎಷ್ಟು ಸಲ ಶುರುವಾಯಿತೆಂಬುದನ್ನು. 192 ಕರೆಂಟ್ ಹಠಾತ್ತನೆ ಹೋಗಿ ಓದು-ಬರೆಹದ ತಲೆಯನ್ನು ಅವಸರದಲ್ಲಿ ಒಳಗೆಳೆದುಕೊಂಡದ್ದು ಎಷ್ಟು ಸಲವೆಂಬುದನ್ನು. ಯಾವ ಡಿಸ್ಕ್‌ಗೆ ಯಾವ ತಂತಿಯಿಂದ ವಿದ್ಯುತ್ ಹೋಗಿದೆ ಎಂಬುದನ್ನೂ ಕ್ಯಾಬಿನೆಟ್ ತೆಗೆದು ನೋಡಿ ತಿಳಿಸಿ.

ಪ್ರಶ್ನೆ ಕೇಳಿದವರು (ಕಲಬುರಗಿ)

ತೆಗೆದು ನೋಡಿದೆ ಸರ್. ಎಸ್‌ಎಂಪಿಎಸ್‌ನಲ್ಲಿ ಸಾಟಾ ವಿದ್ಯುತ್ ಕನೆಕ್ಟರ್ ಇದ್ದದ್ದು ಮೂರೇ. ಒಂದು ಮತ್ತು ಎರಡನೆಯ ಡಿಸ್ಕ್‌ಗಳು ನೇರವಾಗಿ ಅವುಗಳಿಗೆ ಸೇರಿವೆ. ಮೂರರಿಂದ ಆರನೆಯವರೆಗಿನ ನಾಲ್ಕು ಡಿಸ್ಕ್‌ಗಳು, ಮೂರನೆಯ ಕನೆಕ್ಟರ್‌ಗೆ ಚುಚ್ಚಿದ ಒಂದಕ್ಕೆ-ನಾಲ್ಕು ಸ್ಪ್ಲಿಟರ್‌ನಿಂದ ನಡೆಯುತ್ತಿವೆ.

192ನೇ ಸಾಲು ಮೊದಲ ಎರಡರಲ್ಲಿ 61 ಮತ್ತು 58; ಉಳಿದ ನಾಲ್ಕರಲ್ಲಿ 140ರ ಆಸುಪಾಸು. 12ನೇ ಸಾಲಿನಲ್ಲಿಯೂ ಆ ನಾಲ್ಕು ಅಷ್ಟೇ ಮುಂದಿವೆ. 199 ಐದನೆಯದರಲ್ಲಿ ಮಾತ್ರ 23, ಉಳಿದೆಡೆ ಸೊನ್ನೆ. 5 ಎಲ್ಲದರಲ್ಲಿಯೂ ಸೊನ್ನೆ, 197 ನಾಲ್ಕನೆಯದರಲ್ಲಿ ಮಾತ್ರ 16. ತಾಪ ಈಗ ಯಂತ್ರ ತಣ್ಣಗಿರುವುದರಿಂದ 39. ಆದರೆ ಮೇ ಮಧ್ಯಾಹ್ನ ನಡುವಿನ ಡಿಸ್ಕ್‌ಗಳಲ್ಲಿ 55 ನೋಡಿದ ನೆನಪಿದೆ. ಹೊರಬಿದ್ದವು ಮೂರು ಮತ್ತು ಐದನೆಯವು.

ಉತ್ತರ (ಬೀದರ್)

ಕಳ್ಳ ಸಿಕ್ಕಂತಾಯಿತು. ಡಿಸ್ಕ್‌ಗಳು ಕೆಟ್ಟದ್ದಲ್ಲ, ಅವುಗಳಿಗೆ ಕರೆಂಟ್ ಮುಟ್ಟುತ್ತಿಲ್ಲ. ಆ ನಾಲ್ಕು ಡಿಸ್ಕ್‌ಗಳು ಉಳಿದೆರಡಕ್ಕಿಂತ ಎಂಬತ್ತು ಸಲ ಹೆಚ್ಚಾಗಿ ಸತ್ತು ಬದುಕಿವೆ, ಅಂದರೆ ಯಂತ್ರ ನಡೆಯುತ್ತಿರುವಾಗಲೇ ಅವುಗಳ ವಿದ್ಯುತ್ ಕ್ಷಣಕಾಲ ಕುಸಿದು ಮರಳಿದೆ.

ಲೆಕ್ಕ ಹೀಗಿದೆ. ಸಾಟಾ ವಿದ್ಯುತ್ ಕನೆಕ್ಟರ್‌ನಲ್ಲಿ 12 ವೋಲ್ಟ್‌ಗೆ ಮೂರು ಪಿನ್‌ಗಳಿರುತ್ತವೆ, ಪಿನ್ ಒಂದಕ್ಕೆ 1.5 ಆ್ಯಂಪಿಯರ್, ಒಟ್ಟು 4.5. ಮೂರೂವರೆ ಇಂಚಿನ ಡಿಸ್ಕ್ ತಿರುಗುತ್ತಿರುವಾಗ ತೆಗೆದುಕೊಳ್ಳುವುದು ಆರೇಳು ವ್ಯಾಟ್ ಮಾತ್ರವಾದರೂ, ನಿಂತಲ್ಲಿಂದ ತಿರುಗಲು ಆರಂಭಿಸುವಾಗ 12 ವೋಲ್ಟ್‌ನಲ್ಲಿ ಎರಡು ಆ್ಯಂಪಿಯರ್‌ನಷ್ಟು ಎಳೆಯುತ್ತದೆ. ನಾಲ್ಕು ಒಟ್ಟಿಗೆ ಎದ್ದರೆ ಎಂಟು ಆ್ಯಂಪಿಯರ್. ಒಬ್ಬನೇ ಹೊರಬೇಕಾದ ಚೀಲವನ್ನು ನಾಲ್ಕು ಮಾಡಿ ಹೊರಿಸಿದ್ದೀರಿ. ಇನ್ವರ್ಟರ್ ಬದಲಾಗುವ ಗಳಿಗೆಯಲ್ಲಿ ವೋಲ್ಟೇಜ್ ತುಸು ಬಾಗಿದರೆ ಈ ನಾಲ್ಕು ಡಿಸ್ಕ್‌ಗಳು ಮೊದಲು ನಿಲ್ಲುತ್ತವೆ. ಮತ್ತೆ ಒಟ್ಟಿಗೇ ಎದ್ದು ವೋಲ್ಟೇಜನ್ನು ಇನ್ನಷ್ಟು ಕೆಳಗೆಳೆಯುತ್ತವೆ. ರೇಡ್ 5 ಎರಡು ಡಿಸ್ಕ್ ಹೋದೊಡನೆ ನಿಂತುಬಿಡುವುದರಿಂದ, ಉಳಿದೆರಡರ ಹೆಸರು ಹೊರಬಿದ್ದವರ ಪಟ್ಟಿಯಲ್ಲಿ ನಿಮಗೆ ಕಾಣಲಿಲ್ಲ.

ಸ್ಪ್ಲಿಟರ್‌ನ ಬುಡವನ್ನು ಬೆಳಕಿಗೆ ಹಿಡಿದು ನೋಡಿ. ಇನ್ವರ್ಟರ್‌ನ ಹಿಂಬದಿಯಲ್ಲಿ ನಾರ್ಮಲ್ ಮತ್ತು ಯುಪಿಎಸ್ ಎಂಬ ಗುಂಡಿ ಇದ್ದರೆ ಅದು ಎತ್ತ ಇದೆ ಎಂಬುದನ್ನೂ ನೋಡಿ. ನಾರ್ಮಲ್‌ನಲ್ಲಿದ್ದರೆ ಬದಲಾವಣೆಗೆ ಹೆಚ್ಚು ಹೊತ್ತು ಹಿಡಿಯುತ್ತದೆ, ಫ್ಯಾನು ದೀಪಗಳಿಗೆ ಅದು ಸಾಕು, ಕಂಪ್ಯೂಟರ್‌ಗೆ ಸಾಲದು.

ಪ್ರಶ್ನೆ ಕೇಳಿದವರು (ಕಲಬುರಗಿ)

ಸ್ಪ್ಲಿಟರ್‌ನ ಬಿಳಿ ಪ್ಲಾಸ್ಟಿಕ್ ಒಂದು ತುದಿಯಲ್ಲಿ ಬೆಲ್ಲದ ಬಣ್ಣಕ್ಕೆ ತಿರುಗಿದೆ. ಹಳದಿ ತಂತಿ ಒಳಹೊಗುವಲ್ಲಿ ಉಬ್ಬಿದೆ. ಎಳೆದಾಗ ಕನೆಕ್ಟರ್ ಸಲೀಸಾಗಿ ಬರಲಿಲ್ಲ, ಪಿನ್‌ಗೆ ಅಂಟಿಕೊಂಡಿತ್ತು. ಸುಟ್ಟ ವಾಸನೆಯನ್ನು ಇಷ್ಟು ದಿನ ನಾನು ಬೇಸಿಗೆಯ ಧೂಳು ಕಾದ ವಾಸನೆ ಎಂದುಕೊಂಡಿದ್ದೆ. ಇನ್ವರ್ಟರ್‌ನ ಗುಂಡಿ ನಾರ್ಮಲ್‌ನಲ್ಲಿಯೇ ಇತ್ತು.

ಉತ್ತರ (ಬೀದರ್)

ಮನೆಗೆ ಬೆಂಕಿ ಬೀಳಲಿಲ್ಲವೆಂದು ಸಮಾಧಾನಪಡಿ. ತಂತಿಯ ಮೇಲೆ ಪ್ಲಾಸ್ಟಿಕ್ ಎರಕ ಹೊಯ್ದ ಅಗ್ಗದ ಸ್ಪ್ಲಿಟರ್‌ಗಳಲ್ಲಿ ಒಳಗಿನ ತಂತಿಗಳು ಒಂದಕ್ಕೊಂದು ಹತ್ತಿರ ಸರಿದಿರುವುದು ಹೊರಗೆ ಕಾಣುವುದಿಲ್ಲ, ಅವನ್ನು ಬಳಸಲೇಬಾರದು.

ಮೊದಲು ಆರು ಸಾಟಾ ಕನೆಕ್ಟರ್‌ಗಳು ಕನಿಷ್ಠ ಎರಡು ಬೇರೆ ಬೇರೆ ತಂತಿಗಳಲ್ಲಿ ಬರುವ ಒಳ್ಳೆಯ ಎಸ್‌ಎಂಪಿಎಸ್ ಹಾಕಿ. ಐದನೆಯ ಡಿಸ್ಕ್‌ನ ಡೇಟಾ ಕೇಬಲ್ ಬದಲಿಸಿ. ನಾಲ್ಕನೆಯ ಡಿಸ್ಕ್‌ನ 16 ಕೆಟ್ಟ ಸೆಕ್ಟರ್‌ಗಳು ನಿಜವಾದ ಕಾಯಿಲೆ ಇರಬಹುದು, ಆದ್ದರಿಂದ ಅದನ್ನು ಡಿಡಿರೆಸ್ಕ್ಯೂ (ಕೆಟ್ಟ ಜಾಗಗಳನ್ನು ದಾಟಿ ನಕಲಿಸುವ ತಂತ್ರಾಂಶ) ಬಳಸಿ ಇನ್ನೊಂದು ಡಿಸ್ಕ್‌ಗೆ ಇಡಿಯಾಗಿ ನಕಲಿಸಿಕೊಂಡು, ಆ ನಕಲನ್ನು ಅದರ ಜಾಗದಲ್ಲಿ ಹಾಕಿ. ಆಮೇಲೆ ಪ್ರತಿ ಡಿಸ್ಕ್‌ನ ಇವೆಂಟ್ ಎಣಿಕೆಯನ್ನು (ರೇಡ್‌ನ ಸ್ಥಿತಿ ಬದಲಾದಾಗಲೆಲ್ಲ ಡಿಸ್ಕ್‌ನಲ್ಲಿ ಏರುವ ಸಂಖ್ಯೆ) ಹೋಲಿಸಿ ನೋಡಿ. ಅವು ಒಂದಕ್ಕೊಂದು ಹತ್ತಿರವಿದ್ದರೆ 'ಅಸೆಂಬಲ್ ಫೋರ್ಸ್' ಆಜ್ಞೆಯಿಂದ ರೇಡ್ ಮೇಲೆದ್ದೀತು. ಆರರಲ್ಲಿ ಐದು ಸಿಕ್ಕರೂ ಸಾಕು. ಎದ್ದ ಕೂಡಲೇ ಬರೆಯಲು ಬಿಡದೆ, ಓದಲು ಮಾತ್ರ ತೆರೆದು, ಬ್ಯಾಕಪ್ ಇಲ್ಲದ ಅರ್ಧವನ್ನು ಮೊದಲು ಹೊರಗೆ ತೆಗೆಯಿರಿ. ರೀಬಿಲ್ಡ್, ಅಂದರೆ ಹೊರಬಿದ್ದ ಡಿಸ್ಕ್ ಅನ್ನು ಮತ್ತೆ ತುಂಬುವುದು, ಅದಾದ ಮೇಲಿನ ಮಾತು.

ಉತ್ತರ (ಯಾದಗಿರಿಯಿಂದ)

ದೋಷ ಸಿಕ್ಕಿದ್ದರಿಂದ ಈಗ ಮೂಲ ಪ್ರಶ್ನೆಗೆ ಬರೋಣ. ನಾನು ಮನೆಯಲ್ಲಿ 4 ಟಿಬಿಯ ಎಂಟು ಡಿಸ್ಕ್‌ಗಳನ್ನು ನಡೆಸುತ್ತಿರುವವನು, ಚಿಕ್ಕ ಡಿಸ್ಕ್‌ಗಳ ಪರವಾಗಿಯೂ ನಾಲ್ಕು ಮಾತು ಇರಲಿ. ಒಂದು ಸತ್ತರೆ ಹೊಸದನ್ನು ಕೊಳ್ಳಲು ತಿಂಗಳ ಸಂಬಳಕ್ಕೆ ಕೈ ಹಚ್ಚಬೇಕಾಗಿಲ್ಲ. ಸೆಕೆಂಡಿಗೆ ಸರಾಸರಿ 150 ಎಂಬಿ ಎಂದುಕೊಂಡರೂ 4 ಟಿಬಿ ತುಂಬಲು ಏಳೂವರೆ ಗಂಟೆ ಸಾಕು. 18 ಟಿಬಿಯ ಡಿಸ್ಕ್ 200 ಎಂಬಿ ವೇಗದಲ್ಲಿಯೂ 25 ಗಂಟೆ ಬೇಡುತ್ತದೆ, ಅಷ್ಟು ಹೊತ್ತೂ ನೀವು ಒಂದೇ ಡಿಸ್ಕ್‌ನ ಆಯುಸ್ಸಿನ ಮೇಲೆ ನಿಂತಿರುತ್ತೀರಿ.

ಇನ್ನೊಂದು ಮಾತು. ನಿಮ್ಮದು ಒಮ್ಮೆ ಬರೆದು ಮತ್ತೆ ತಿದ್ದದ ಕಡತಗಳು. ಇಂಥದ್ದಕ್ಕೆ ರೇಡ್ 5ಕ್ಕಿಂತ ಸ್ನ್ಯಾಪ್‌ರೇಡ್ ಎಂಬ ತಂತ್ರಾಂಶ ಹೆಚ್ಚು ಹೊಂದುತ್ತದೆ. ಅದರಲ್ಲಿ ಪ್ರತಿ ಕಡತವೂ ಇಡಿಯಾಗಿ ಒಂದೇ ಡಿಸ್ಕ್‌ನಲ್ಲಿರುತ್ತದೆ, ಪ್ಯಾರಿಟಿ, ಅಂದರೆ ಸತ್ತ ಡಿಸ್ಕ್ ಅನ್ನು ಮರಳಿ ಕಟ್ಟುವ ಲೆಕ್ಕ, ಬೇರೆ ಡಿಸ್ಕ್‌ನಲ್ಲಿ. ಸಹಿಸಬಹುದಾದ್ದಕ್ಕಿಂತ ಹೆಚ್ಚು ಡಿಸ್ಕ್‌ಗಳು ಹೋದರೂ, ಹೋದ ಡಿಸ್ಕ್‌ಗಳಲ್ಲಿದ್ದದ್ದು ಮಾತ್ರ ಹೋಗುತ್ತದೆ, ಉಳಿದವು ಯಾವ ಕಂಪ್ಯೂಟರ್‌ಗೆ ಹಚ್ಚಿದರೂ ತೆರೆದುಕೊಳ್ಳುತ್ತವೆ. ರೇಡ್ 5ರಲ್ಲಿ ಎರಡು ಹೋದರೆ ಎಲ್ಲವೂ ಹೋದಂತೆ.

ಉತ್ತರ (ಬೀದರ್)

ಸ್ನ್ಯಾಪ್‌ರೇಡ್ ವಿಚಾರದಲ್ಲಿ ಯಾದಗಿರಿಯ ಸರ್ ಹೇಳಿದ್ದನ್ನು ಪೂರ್ತಿ ಒಪ್ಪುತ್ತೇನೆ. ಆದರೆ ಏಳೂವರೆ ಗಂಟೆಯ ಲೆಕ್ಕದಲ್ಲಿ ಒಂದು ಹುಳುಕಿದೆ. ಪ್ರಶ್ನೆ ಕೇಳಿದವರ ರೇಡ್ 5ರಲ್ಲಿ ಒಂದು ಡಿಸ್ಕ್ ಸತ್ತರೆ ಅದನ್ನು ತುಂಬಲು ಉಳಿದ ಐದನ್ನೂ ಆದ್ಯಂತ ಓದಬೇಕು, ಅಂದರೆ 20 ಟಿಬಿ. ಮನೆಬಳಕೆಯ ಡಿಸ್ಕ್‌ಗಳ ವಿವರಪತ್ರದಲ್ಲಿ 10ರ 14ನೇ ಘಾತದಷ್ಟು ಬಿಟ್ ಓದಿದಾಗ, ಅಂದರೆ 12.5 ಟಿಬಿಗೆ, ಓದಲಾಗದ ಒಂದು ದೋಷ ಇರಬಹುದೆಂದು ಬರೆದಿರುತ್ತದೆ. ನಿಜದಲ್ಲಿ ಡಿಸ್ಕ್‌ಗಳು ಅದಕ್ಕಿಂತ ಬಹಳ ಚೆನ್ನಾಗಿ ನಡೆದುಕೊಳ್ಳುತ್ತವೆ, ಆ ಸಂಖ್ಯೆ ತಯಾರಕರು ತಮ್ಮ ರಕ್ಷಣೆಗೆ ಬರೆದುಕೊಂಡ ಮಿತಿ ಮಾತ್ರ. ಆದರೂ 197ನೇ ಸಾಲಿನಲ್ಲಿ 16 ಇಟ್ಟುಕೊಂಡ ನಾಲ್ಕನೆಯ ಡಿಸ್ಕ್ ಆ ಐವರಲ್ಲಿ ಒಂದಾಗಿದ್ದರೆ ಏನಾಗುತ್ತಿತ್ತೆಂದು ಯೋಚಿಸಿ. ಮಿರರ್‌ನಲ್ಲಿ, ಅಂದರೆ ಎರಡು ಡಿಸ್ಕ್‌ಗಳಲ್ಲಿಯೂ ಒಂದೇ ಪ್ರತಿ ಇಟ್ಟಾಗ, ಓದಬೇಕಾದದ್ದು ಒಂದೇ ಡಿಸ್ಕ್. 18 ಟಿಬಿಯವು ಹೆಚ್ಚಾಗಿ ಸರ್ವರ್ ದರ್ಜೆಯವು. ಅವುಗಳ ಮಿತಿ 10ರ 15ನೇ ಘಾತ, ಅಂದರೆ 125 ಟಿಬಿ.

ಡಿಸ್ಕ್‌ಗಳ ಎಣಿಕೆಯೇ ಒಂದು ಅಪಾಯ ಎಂಬುದನ್ನು ಜನ ಮರೆಯುತ್ತಾರೆ. ಒಂದು ಡಿಸ್ಕ್ ವರ್ಷದಲ್ಲಿ ಸಾಯುವ ಸಂಭವ ನೂರಕ್ಕೆ ಒಂದೂವರೆ ಎಂದು ಲೆಕ್ಕಕ್ಕಾಗಿ ಹಿಡಿದರೆ, ಆರರಲ್ಲಿ ಒಂದಾದರೂ ಸಾಯುವ ಸಂಭವ ನೂರಕ್ಕೆ ಸುಮಾರು ಒಂಬತ್ತು, ಎರಡೇ ಇದ್ದರೆ ನೂರಕ್ಕೆ ಮೂರು. ಡಿಸ್ಕ್ ಜೊತೆಗೆ ಕೇಬಲ್, ಕನೆಕ್ಟರ್, ಸಾಟಾ ಕಾರ್ಡ್, ಫ್ಯಾನ್ ಇವೂ ಹೆಚ್ಚುತ್ತವೆ. ಈ ಚರ್ಚೆಯಲ್ಲಿ ಕೆಟ್ಟದ್ದು ಅವುಗಳಲ್ಲಿ ಒಂದೇ ಅಲ್ಲವೇ. ವಿದ್ಯುತ್ತಿನ ಖರ್ಚೂ ಇದೆ: ಡಿಸ್ಕ್ ಒಂದಕ್ಕೆ ಆರು ವ್ಯಾಟ್, ಹಗಲಿರುಳು ನಡೆದರೆ ವರ್ಷಕ್ಕೆ ಸುಮಾರು 52 ಯೂನಿಟ್. ಆರಕ್ಕೆ 315, ಎರಡಕ್ಕೆ 105. ಕರೆಂಟ್ ಹೋದಾಗ ಇನ್ವರ್ಟರ್ ಬ್ಯಾಟರಿಯ ಮೇಲೆ ಬೀಳುವ ಭಾರವೂ ಅದೇ ಪ್ರಮಾಣದಲ್ಲಿ ಇಳಿಯುತ್ತದೆ.

ಇನ್ನು ನಿಮ್ಮ ಊರಿನ ಬಿಸಿಲು. ಮೇ ತಿಂಗಳಲ್ಲಿ ಹೊರಗೇ 42 ಡಿಗ್ರಿ ಇರುವಲ್ಲಿ ಫ್ಯಾನ್ ಒಳಗೆ ತಳ್ಳುವುದು ಆ ಗಾಳಿಯನ್ನೇ. ಆರು ಡಿಸ್ಕ್‌ಗಳನ್ನು ಒಂದರ ಮೇಲೊಂದು ಒತ್ತಿ ಪೇರಿಸಿದರೆ ನಡುವಿನವು 55 ಮುಟ್ಟುವುದು ಸಹಜ. ಸಾಮಾನ್ಯ ಡಿಸ್ಕ್‌ಗಳ ಗರಿಷ್ಠ ಮಿತಿ 60. ಗೂಗಲ್‌ನ ಎಂಜಿನಿಯರುಗಳು ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕ್‌ಗಳನ್ನು ಗಮನಿಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತಾಪಕ್ಕೂ ಸಾವಿಗೂ ಜನ ನಂಬಿದಷ್ಟು ನಂಟು ಕಾಣಲಿಲ್ಲ, ಅತಿ ಹೆಚ್ಚಿನ ತಾಪದಲ್ಲಿ ಮಾತ್ರ, ಅದೂ ಮೂರು ವರ್ಷ ದಾಟಿದ ಡಿಸ್ಕ್‌ಗಳಲ್ಲಿ, ಅದು ಎದ್ದು ಕಂಡಿತು. ನಿಮ್ಮವು ಹಳೆಯವೂ ಹೌದು, ಬಿಸಿಯವೂ ಹೌದು. ಎರಡೇ ಡಿಸ್ಕ್‌ಗಳಾದರೆ ಒಂದು ಖಾನೆ ಬಿಟ್ಟು ಒಂದರಲ್ಲಿ ಕೂರಿಸಿ, ನಡುವೆ ಗಾಳಿ ಆಡಲು ಬಿಡಬಹುದು. ಕ್ಯಾಬಿನೆಟ್ ಅನ್ನು ಏರ್ ಕೂಲರ್ ಎದುರಿಗೆ ಮಾತ್ರ ಇಡಬೇಡಿ. ಗಡಸು ನೀರಿನ ಹನಿ ಒಣಗಿ ಬಿಳಿ ಉಪ್ಪು ಕಟ್ಟಿದ ಮದರ್‌ಬೋರ್ಡ್‌ಗಳನ್ನು ನಾನು ತೊಳೆದಿದ್ದೇನೆ.

ನನ್ನ ಸಲಹೆ: 18 ಟಿಬಿಯವು ಎರಡಲ್ಲ, ಮೂರು ಕೊಳ್ಳಿ. ಎರಡು ಕಲಬುರಗಿಯಲ್ಲಿ ಮಿರರ್ ಆಗಿ, ಮೂರನೆಯದು ಬೇರೆ ಊರಿನಲ್ಲಿ, ತಂತಿಯ ಹಂಗಿಲ್ಲದೆ, ಪೆಟ್ಟಿಗೆಯಲ್ಲಿ. ಮಿರರ್ ಇದ್ದರೂ ನೀವೇ ಕಣ್ತಪ್ಪಿ ಅಳಿಸಿದರೆ ಎರಡರಲ್ಲಿಯೂ ಅಳಿಯುತ್ತದೆ. ಅದು ಬ್ಯಾಕಪ್ ಅಲ್ಲ. ಮೂರನ್ನೂ ಒಂದೇ ಅಂಗಡಿಯಲ್ಲಿ ಒಂದೇ ದಿನ ಕೊಳ್ಳದಿದ್ದರೆ ಒಳ್ಳೆಯದು, ಒಂದೇ ಕಂತಿನ ಡಿಸ್ಕ್‌ಗಳಿಗೆ ಒಂದೇ ದೋಷ ಇರಬಹುದು. ಮೂರಕ್ಕೆ ಹಣ ಸಾಲದಿದ್ದರೆ ಮಿರರ್ ಬಿಡಿ, ಬೇರೆ ಊರಿನ ಪ್ರತಿಯನ್ನು ಬಿಡಬೇಡಿ.

ಪ್ರಶ್ನೆ ಕೇಳಿದವರು (ಕಲಬುರಗಿ)

ಒಂದು ಅನುಮಾನ. ಹಿಂದೊಮ್ಮೆ ಬದಲಿಸಿದ ಆರನೆಯ ಡಿಸ್ಕ್ ತುಂಬಲು ನಾಲ್ಕು ದಿನ ಹಿಡಿಯಿತು. ಯಾದಗಿರಿಯ ಸರ್ ಹೇಳುವ ಏಳೂವರೆ ಗಂಟೆ ನನಗೆ ಯಾಕೆ ಸಿಗಲಿಲ್ಲ?

ಉತ್ತರ (ಯಾದಗಿರಿ)

ಅದು ಎಸ್‌ಎಂಆರ್ ಡಿಸ್ಕ್ ಇದ್ದೀತು. ಅದರಲ್ಲಿ ದತ್ತಾಂಶದ ಗೆರೆಗಳನ್ನು ಮನೆಯ ಮಾಡಿನ ಹೆಂಚಿನಂತೆ ಒಂದರ ಅಂಚಿನ ಮೇಲೊಂದು ಹೊದಿಸಿರುತ್ತಾರೆ. ನಡುವಿನ ಒಂದು ಹೆಂಚು ಬದಲಿಸಲು ಅಕ್ಕಪಕ್ಕದವನ್ನೂ ಎತ್ತಿ ಮತ್ತೆ ಹೊದಿಸಬೇಕು. ಸ್ವಲ್ಪ ಸ್ವಲ್ಪ ಬರೆಯುವಾಗ ಗೊತ್ತಾಗುವುದಿಲ್ಲ, ರೀಬಿಲ್ಡ್‌ನಂಥ ಬಿಡುವಿಲ್ಲದ ಬರೆಹಕ್ಕೆ ಉಸಿರು ಕಟ್ಟುತ್ತದೆ. ಇದನ್ನು ಪೆಟ್ಟಿಗೆಯ ಮೇಲೆ ಬರೆಯುವ ವಾಡಿಕೆ ಮೊದಲು ಇರಲಿಲ್ಲ. ವೆಸ್ಟರ್ನ್ ಡಿಜಿಟಲ್‌ನ ರೆಡ್ ಸಾಲಿನ 2ರಿಂದ 6 ಟಿಬಿಯ ಕೆಲವು ಡಿಸ್ಕ್‌ಗಳು ಎಸ್‌ಎಂಆರ್ ಎಂಬುದು 2020ರಲ್ಲಿ ಹೊರಬಿದ್ದು ಗದ್ದಲವಾದ ಮೇಲೆ, ಸಿಎಂಆರ್ (ಗೆರೆಗಳು ಹೀಗೆ ಒಂದರ ಮೇಲೊಂದು ಬೀಳದ) ಡಿಸ್ಕ್‌ಗಳಿಗೆ ರೆಡ್ ಪ್ಲಸ್ ಎಂಬ ಹೆಸರು ಬಂತು. 4 ಟಿಬಿಯ ಅಗ್ಗದ ಡೆಸ್ಕ್‌ಟಾಪ್ ಡಿಸ್ಕ್‌ಗಳಲ್ಲಿ ಎಸ್‌ಎಂಆರ್ ಈಗಲೂ ಸಾಮಾನ್ಯ. ಚಿಕ್ಕ ಡಿಸ್ಕ್‌ಗಳ ಪರವಾಗಿ ನಾನು ಹೇಳಿದ್ದೆಲ್ಲ ಸಿಎಂಆರ್ ಡಿಸ್ಕ್‌ಗಳಿಗೆ ಮಾತ್ರ. ಇದನ್ನು ಮೊದಲೇ ಬರೆಯಬೇಕಿತ್ತು.

ಪ್ರಶ್ನೆ ಕೇಳಿದವರು (ಕಲಬುರಗಿ), ಮೂರು ವಾರಗಳ ನಂತರ

ಎಸ್‌ಎಂಪಿಎಸ್ ಬದಲಿಸಿದೆ, ಇನ್ವರ್ಟರ್ ಗುಂಡಿಯನ್ನು ಯುಪಿಎಸ್‌ಗೆ ತಿರುಗಿಸಿದೆ. ನಾಲ್ಕನೆಯ ಡಿಸ್ಕ್‌ನ ನಕಲು ತೆಗೆಯುವಾಗ ಡಿಡಿರೆಸ್ಕ್ಯೂ 12 ಸೆಕ್ಟರ್‌ಗಳನ್ನು ಬಿಟ್ಟು ಉಳಿದದ್ದನ್ನೆಲ್ಲ ಓದಿತು. ಇವೆಂಟ್ ಎಣಿಕೆಗಳು ಒಂದಕ್ಕೊಂದು ಹತ್ತಿರವೇ ಇದ್ದವು, ರೇಡ್ ಎದ್ದಿತು. 13 ಟಿಬಿಯೂ ಹೊರಗೆ ಬಂತು. ಒಂದು ವಿಡಿಯೊದಲ್ಲಿ ಮಾತ್ರ ಅರೆ ಸೆಕೆಂಡ್ ಚಿತ್ರ ಒಡೆಯುತ್ತದೆ, ಹಾಡಿಗೆ ಪೆಟ್ಟಾಗಿಲ್ಲ.

18 ಟಿಬಿಯ ಮೂರನ್ನು ಎರಡು ಅಂಗಡಿಗಳಿಂದ ಕೊಂಡೆ. ಬಳಸುವ ಮೊದಲು ಕೆಟ್ಟ ಜಾಗ ಹುಡುಕುವ ಬ್ಯಾಡ್‌ಬ್ಲಾಕ್ಸ್ ತಂತ್ರಾಂಶ ಓಡಿಸಲು ಹೋದರೆ, ಬ್ಲಾಕ್‌ಗಳ ಸಂಖ್ಯೆ ಮಿತಿ ಮೀರಿತೆಂದು ನಿರಾಕರಿಸಿತು. 4096 ಬೈಟ್‌ನ ಬ್ಲಾಕ್ ಇಟ್ಟರೆ ಆ ತಂತ್ರಾಂಶ 17.6 ಟಿಬಿವರೆಗೆ ಮಾತ್ರ ಎಣಿಸಬಲ್ಲದಂತೆ. 8192 ಎಂದು ಕೊಟ್ಟ ಮೇಲೆ ನಡೆಯಿತು. ಒಂದು ಸುತ್ತು ಬರೆದು ಓದಲು ಎರಡು ದಿನದ ಮೇಲಾಯಿತು. ಇದು ಮೊದಲ ಎರಡರ ಕಥೆ. ಇನ್ನೊಂದು ಅಂಗಡಿಯಿಂದ ತಂದ ಮೂರನೆಯದು ಮಾತ್ರ ತಿರುಗುತ್ತಲೇ ಇಲ್ಲ, ಶಬ್ದವೂ ಇಲ್ಲ. ಕೆಟ್ಟದ್ದೇ ಬಂದಿದೆಯೇ? ಹಿಂತಿರುಗಿಸಲೇ?

ಉತ್ತರ (ಬೀದರ್)

ಹಿಂತಿರುಗಿಸಬೇಡಿ. ಎಸ್‌ಎಂಪಿಎಸ್‌ನ ಸಾಟಾ ಕನೆಕ್ಟರ್‌ಗೆ ಕಿತ್ತಳೆ ಬಣ್ಣದ ತಂತಿ ಹೋಗಿದೆಯೇ ನೋಡಿ. ಅದು 3.3 ವೋಲ್ಟ್. ಸರ್ವರ್ ದರ್ಜೆಯ ಕೆಲವು ಡಿಸ್ಕ್‌ಗಳಲ್ಲಿ ಮೂರನೆಯ ಪಿನ್‌ಗೆ ಆ ವೋಲ್ಟೇಜ್ ಸಿಕ್ಕರೆ, ತನಗೆ ನಿಂತಿರಲು ಹೇಳುತ್ತಿದ್ದಾರೆ ಎಂದು ಡಿಸ್ಕ್ ತಿಳಿದು ಸುಮ್ಮನಿರುತ್ತದೆ. ನಾಲ್ಕು ಪಿನ್‌ನ ಹಳೆಯ ಮೋಲೆಕ್ಸ್ ಕನೆಕ್ಟರ್‌ನಲ್ಲಿ 3.3 ವೋಲ್ಟ್ ಇರುವುದಿಲ್ಲವಾದ್ದರಿಂದ ಅದರಿಂದ ಸಾಟಾಗೆ ಬರುವ ಅಡಾಪ್ಟರ್ ಒಂದನ್ನು ಹಾಕಿ. ಎರಕದ್ದು ಬೇಡ, ತಂತಿಗಳನ್ನು ಒಂದೊಂದಾಗಿ ಪಿನ್‌ಗೆ ಒತ್ತಿ ಕೂರಿಸಿದ್ದನ್ನೇ ಕೇಳಿ ತನ್ನಿ, ಮತ್ತು ಒಂದಕ್ಕೆ ಒಂದೇ ಡಿಸ್ಕ್.

ಪ್ರಶ್ನೆ ಕೇಳಿದವರು (ಕಲಬುರಗಿ)

ಕಿತ್ತಳೆ ತಂತಿ ಇತ್ತು. ಅಡಾಪ್ಟರ್ ಹಾಕಿದೆ, ತಿರುಗಿತು. ಪರೀಕ್ಷೆ ಮುಗಿದ ಮೇಲೆ ಅದರಲ್ಲಿ ಪ್ರತಿ ತುಂಬಿ, ಬರುವ ಭಾನುವಾರ ಬೀದರ್ ರೈಲಿನಲ್ಲಿ ನನ್ನ ಭಾವನ ಮನೆಗೆ ಒಯ್ಯುತ್ತಿದ್ದೇನೆ. ಸುಟ್ಟ ಸ್ಪ್ಲಿಟರ್ ಅನ್ನೂ ಚೀಲದಲ್ಲಿ ಹಾಕಿಕೊಂಡಿದ್ದೇನೆ, ತಮ್ಮ ಅಂಗಡಿ ತೆರೆದಿದ್ದರೆ ತೋರಿಸಿ ಹೋಗುತ್ತೇನೆ ಸರ್.